ಹಿಂದಕ್ಕೆ ಪಡೆದ ಮಾತು

ಕಳೆದ ಶ್ರಾವಣದಲ್ಲಿ ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಯವರು ವಚನ ಸಾಹಿತ್ಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನಮ್ಮನ್ನು ಕರೆಯಿಸಿದ್ದರು. ಮಾತಿನ ಓಘದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಹೆಸರು ಬಂದಿತು. ಅವರು ತಮ್ಮ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಬರೆದ ಕೆಲವು ನಿರ್ಣಯಗಳನ್ನು 1989ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತೆಂದು ಹೇಳಿ ನಾವು ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು. “ಛಾಪ ಆದ ಮಾತನ್ನ ಹಿಂದಕ್ಕ ತಗೊಳ್ಳೂದು ಹ್ಯಾಂಗರಿ ಸರ? ಅಳಿಸ್ತಾರೇನ್ರಿ?” ಎಂದು ಕೇಳಿದಳು. ಮುಖ್ಯಾಧ್ಯಾಪಕರು ಗಡಿಯಾರದ ಕಡೆಗೆ ನೋಡಿದರು. ನಾವೂ ನೋಡಿದೆವು. ಹುಡುಗಿ ಕುಳಿತುಕೊಂಡಳು.

ಅಂದು ಕೊಡದ ಉತ್ತರವನ್ನು ಇಂದು ಈ ಪುಟಗಳಲ್ಲಿ ಕೊಡಲು ಯತ್ನಿಸುತ್ತೇವೆ. ನಮ್ಮ ಪತ್ರಿಕೆ ಆ ಶಾಲೆಗೂ ಹೋಗುತ್ತದೆ.

ಕಲಬುರ್ಗಿಯವರು ನಮಗೆ ದೂರದವರಲ್ಲ. ಭೀಮೆಯ ಆಚೆಗಿನ ಸಿಂದಗಿ ತಾಲೂಕಿನಲ್ಲಿ 1938ರಲ್ಲಿ ಹುಟ್ಟಿದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕನ್ನಡವನ್ನು ಕಲಿಸಿದವರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದವರು. ಕರ್ನಾಟಕ ಸರಕಾರವು ಹೊರತಂದ ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರು ಅವರೇ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರಷ್ಟೆ. ಆ ಕೆಲಸವು ಒಂದು ನೆಲೆ ಮುಟ್ಟಿದ್ದು ಈ ಸಂಪುಟಗಳಲ್ಲಿ. ಬಸವಣ್ಣನವರ ವಚನವನ್ನು ಇಂದು ಶುದ್ಧಪಾಠದಲ್ಲಿ ಓದುವವನು ಅವರ ಋಣದಲ್ಲಿ ಇದ್ದಾನೆ. ಅವರನ್ನು ಬೈಯುವವನೂ ಅದೇ ಋಣದಲ್ಲಿ ಇದ್ದಾನೆಂಬುದನ್ನು ಮರೆಯಬಾರದು.

‘ಮಾರ್ಗ’ವೆಂಬುದು ಅವರ ಸಂಶೋಧನ ಲೇಖನಗಳ ಸಂಪುಟಮಾಲೆ. ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕವಿರಾಜಮಾರ್ಗದ ಪರಿಸರದ ಸಾಹಿತ್ಯವನ್ನೇ ಡಾಕ್ಟರೇಟಿಗೆ ಎತ್ತಿಕೊಂಡಿದ್ದವರು ತಮ್ಮ ಮಾಲೆಗೆ ಈ ಹೆಸರಿಟ್ಟದ್ದು ಸಹಜವೇ ಆಗಿದೆ. ಇವರ ಗದ್ಯದಲ್ಲಿ ಅಲಂಕಾರವಿಲ್ಲ. ಸಣ್ಣ ವಾಕ್ಯ, ಅದರ ಬೆನ್ನಿಗೆ ಆಧಾರ, ಆಧಾರದ ಬೆನ್ನಿಗೆ ನಿರ್ಣಯ. ಕೆಲವೊಮ್ಮೆ ನಿರ್ಣಯವು ಆಧಾರಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ನಿಂತಿರುತ್ತದೆ. ಇದನ್ನು ಅವರ ಶಿಷ್ಯರೂ ಒಪ್ಪಿಯಾರು.

ಹಿಂದಕ್ಕೆ ಪಡೆಯಬೇಕಾಗಿ ಬಂದ ಬರಹಗಳಲ್ಲಿ ಮುಖ್ಯವಾಗಿದ್ದವು ಎರಡು ಪ್ರಶ್ನೆಗಳು. ಬಸವಣ್ಣನವರಿಗೂ ನೀಲಾಂಬಿಕೆಗೂ ಇದ್ದ ದಾಂಪತ್ಯದ ಸ್ವರೂಪವೇನು ಎಂಬುದು ಒಂದು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಮಗನಾದ ಚನ್ನಬಸವಣ್ಣನ ತಂದೆ ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅವರು ನೀಲಾಂಬಿಕೆಯ ವಚನಗಳನ್ನೇ ಸಾಕ್ಷಿಗೆ ಕರೆದು, ಆ ದಾಂಪತ್ಯವು ದೇಹಸಂಬಂಧದ್ದಾಗಿರದೆ ಆತ್ಮಸಂಬಂಧದ್ದಾಗಿತ್ತೆಂಬ ನಿಲುವಿಗೆ ಬಂದರು. ಎರಡನೆಯದಕ್ಕೆ, ಆ ತಂದೆ ಡೋಹರ ಕಕ್ಕಯ್ಯನಿರಬೇಕೆಂದು ಊಹಿಸಿದರು.

ಇಲ್ಲಿ ನಮ್ಮ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇವೆ. ನೀಲಾಂಬಿಕೆಯ ವಿಷಯದಲ್ಲಿ ಕಲಬುರ್ಗಿಯವರು ಹಿಡಿದ ದಾರಿ ನಮಗೆ ಒಪ್ಪಿಗೆಯಿಲ್ಲ. ಶರಣ ಸತಿ, ಲಿಂಗ ಪತಿ ಎಂಬ ಭಾವವು ಇಡೀ ವಚನ ಸಾಹಿತ್ಯದಲ್ಲಿ ಹರಿದಿದೆ. ಹೆಣ್ಣೆಂಬ ಭಾವ ಅಳಿಯಿತು, ಸತಿಪತಿಯೆಂಬ ಎರಡು ಉಳಿಯಲಿಲ್ಲ ಎಂಬರ್ಥದ ನುಡಿಗಳು ಒಬ್ಬ ವಚನಕಾರ್ತಿಯವಲ್ಲ, ಹಲವರವು. ಅವು ಅನುಭಾವದ ಪರಿಭಾಷೆ. ಪರಿಭಾಷೆಯನ್ನು ಕೈಬರಹದ ದಿನಚರಿಯಂತೆ ಓದಿ ಅದರಿಂದ ಚರಿತ್ರೆಯನ್ನು ಹೊರತೆಗೆದರೆ ಎಡವುವ ಸಂಭವ ಬಹಳ. ಮೇಲಾಗಿ ಈ ವಚನಗಳು ನಮ್ಮ ಕೈಗೆ ಬಂದಿರುವ ಹಸ್ತಪ್ರತಿಗಳು ಹನ್ನೆರಡನೆಯ ಶತಮಾನದವಲ್ಲ. ಶತಮಾನಗಳ ಅನಂತರ ಸಂಕಲನಕಾರರು ಕಟ್ಟಿದ ಕಟ್ಟುಗಳು. ಯಾವ ನುಡಿ ನೀಲಾಂಬಿಕೆಯದು, ಯಾವುದು ಅವಳ ಬಾಯಲ್ಲಿ ಇಟ್ಟದ್ದು ಎಂಬುದನ್ನು ಮೊದಲು ಇತ್ಯರ್ಥಪಡಿಸಬೇಕಿತ್ತು. ಗ್ರಂಥಸಂಪಾದನ ಶಾಸ್ತ್ರವನ್ನು ಕುರಿತು ಪುಸ್ತಕವನ್ನೇ ಬರೆದ ಪಂಡಿತರಿಗೆ ಇದು ತಿಳಿಯದ ಮಾತೇನಲ್ಲ.

ಇರಲಿ. ಈ ಆಕ್ಷೇಪವನ್ನು ನಾವು ಯಾರ ಮುಂದೆ ಇಡಬೇಕು? ಪ್ರಶ್ನೆ ಇರುವುದು ಇಲ್ಲಿಯೇ.

ಲೇಖಕನು ತನ್ನ ನಿರ್ಣಯವನ್ನು ಬಿಟ್ಟುಕೊಡುವುದು ವಿದ್ವತ್ತಿನ ಲೋಕದಲ್ಲಿ ಅವಮಾನದ ಸಂಗತಿಯಲ್ಲ. ಹೊಸ ಶಾಸನ ಸಿಕ್ಕಿತು, ಬೇರೊಂದು ಹಸ್ತಪ್ರತಿಯಲ್ಲಿ ಪಾಠ ಬೇರೆಯಿತ್ತು, ಎದುರಾಳಿಯ ತರ್ಕ ಗಟ್ಟಿಯಿತ್ತು. ಆಗ ‘ನಾನು ತಪ್ಪಿದೆ’ ಎಂದು ಬರೆಯುವುದೇ ಸಂಶೋಧಕನ ಧರ್ಮ. ನಮ್ಮ ದಕ್ಷಿಣ ಸೊಲ್ಲಾಪುರದ ಹತ್ತರಸಂಗ ಕೂಡಲಕ್ಕೆ ಹೋದವರು ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ ಕ್ರಿ. ಶ. 1018ರ, ಮರಾಠಿ ಶಾಸನವನ್ನು ನೋಡಿರಬಹುದು. ಮರಾಠಿಯ ಅತ್ಯಂತ ಹಳೆಯ ಶಾಸನ ಇದೋ, ಶ್ರವಣಬೆಳಗೊಳದ್ದೋ, ಕೊಂಕಣದ ಅಕ್ಷಿಯದ್ದೋ ಎಂದು ವಿದ್ವಾಂಸರು ವಾದಿಸುತ್ತಲೇ ಬಂದಿದ್ದಾರೆ. ಒಬ್ಬರು ಇನ್ನೊಬ್ಬರನ್ನು ತಿದ್ದಿದ್ದಾರೆ. ಯಾರ ಮನೆಯ ಬಾಗಿಲಿಗೂ ಯಾರೂ ಗುಂಪು ಕಟ್ಟಿಕೊಂಡು ಹೋಗಲಿಲ್ಲ.

1989ರಲ್ಲಿ ಧಾರವಾಡದಲ್ಲಿ ನಡೆದದ್ದು ಆ ಬಗೆಯ ತಿದ್ದುಪಡಿಯಲ್ಲ. ಹೊಸ ಆಧಾರವನ್ನು ಯಾರೂ ಮುಂದಿಡಲಿಲ್ಲ, ಒತ್ತಡವನ್ನು ಮುಂದಿಟ್ಟರು. ಮನೆಯವರ ಜೀವ ಉಳಿಸುವುದಕ್ಕಾಗಿ ಹಾಗೆ ಮಾಡಿದೆನೆಂದೂ, ಆ ದಿನ ತನ್ನ ಬುದ್ಧಿಯ ಮಟ್ಟಿಗೆ ಆತ್ಮಹತ್ಯೆಯನ್ನೇ ಮಾಡಿಕೊಂಡೆನೆಂದೂ ಕಲಬುರ್ಗಿಯವರೇ ಆಮೇಲೆ ಹೇಳಿದ್ದು ಪ್ರಸಿದ್ಧವಾಗಿದೆ. ಇದರಿಂದ ನಷ್ಟವಾದದ್ದು ಅವರೊಬ್ಬರಿಗೇ ಎಂದು ನಾವು ಬಹುದಿನ ತಿಳಿದಿದ್ದೆವು. ಈಗ ಹಾಗೆ ತೋರುವುದಿಲ್ಲ. ಅವರ ಮಾತು ಸುಳ್ಳೆಂದು ನಂಬಿದವರಿಗೆ ಅದನ್ನು ಸುಳ್ಳೆಂದು ತೋರಿಸಿಕೊಡುವ ಅವಕಾಶವೂ ಅಂದೇ ಹೋಯಿತು. ಖಂಡಿಸಲ್ಪಟ್ಟ ಮಾತು ಬಿದ್ದುಹೋಗುತ್ತದೆ, ಇಲ್ಲವೆ ಪೆಟ್ಟು ತಿಂದು ಗಟ್ಟಿಯಾಗುತ್ತದೆ. ಬೆದರಿಕೆಗೆ ಸಿಕ್ಕ ಮಾತು ಎರಡೂ ಆಗದೆ ಪಿಸುಮಾತಾಗಿ ಊರೂರು ಅಲೆಯುತ್ತದೆ. ‘ಕಲಬುರ್ಗಿ ಏನೋ ಕೆಟ್ಟದ್ದು ಬರೆದಿದ್ದರಂತೆ’ ಎನ್ನುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಏನು ಬರೆದಿದ್ದರು, ಯಾವ ಆಧಾರದಿಂದ ಬರೆದಿದ್ದರು ಎಂದು ಕೇಳಿದರೆ ಹೇಳಬಲ್ಲವರನ್ನು ಕಂಡಿಲ್ಲ.

ಸಿಟ್ಟಾದವರ ಪಕ್ಷವನ್ನೂ ಹೇಳಬೇಕಾದದ್ದು ನ್ಯಾಯ. ಬಸವಣ್ಣನವರೂ ನಾಗಲಾಂಬಿಕೆಯೂ ಲಕ್ಷಾಂತರ ಜನರಿಗೆ ಗ್ರಂಥದ ಹೆಸರುಗಳಲ್ಲ, ದಿನವೂ ಕೈಮುಗಿಯುವ ಪೂಜ್ಯರು. ತಾಯಿಯ ಸ್ಥಾನದಲ್ಲಿಟ್ಟವಳ ಖಾಸಗಿ ಬದುಕನ್ನು ಪಂಡಿತನೊಬ್ಬನು ಅಳೆದು ನೋಡಿದರೆ ನೋವಾಗದೆ ಇರುವುದಿಲ್ಲ. ಆ ನೋವು ಸುಳ್ಳಲ್ಲ. ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರಕಾರ 1997ರಲ್ಲಿ ಮುಟ್ಟುಗೋಲು ಹಾಕಿದಾಗಲೂ ಇದೇ ನೋವಿನ ಮಾತು ಬಂದಿತ್ತು. ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಆ ನಿಷೇಧವನ್ನು ಎತ್ತಿಹಿಡಿಯಿತು. ನೋವಾಯಿತೆಂದು ಹೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ನೋವು ಒಂದು ಪ್ರಮಾಣವಲ್ಲ. ಹನ್ನೆರಡನೆಯ ಶತಮಾನದಲ್ಲಿ ಏನಾಯಿತೆಂಬುದನ್ನು ನಮ್ಮ ಇಂದಿನ ನೋವು ತೀರ್ಮಾನಿಸಲಾರದು.

ಸೊಲ್ಲಾಪುರದಲ್ಲಿ ಕುಳಿತು ಬರೆಯುವವರಿಗೆ ಇನ್ನೊಂದು ಸಂಗತಿಯೂ ಮನಸ್ಸನ್ನು ಕೊರೆಯುತ್ತದೆ. ಡೋಹರ ಕಕ್ಕಯ್ಯನು ತೊಗಲು ಹದ ಮಾಡುವ ಕಾಯಕದ ಶರಣ. ಅವನನ್ನು ತಮ್ಮವನೆಂದು ಅಭಿಮಾನದಿಂದ ಹೇಳಿಕೊಳ್ಳುವ ಢೋರ ಸಮಾಜದ ಮನೆಗಳು ನಮ್ಮ ಊರಿನಲ್ಲಿವೆ. ಆ ಮನೆಯ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಚನ್ನಬಸವಣ್ಣನ ತಂದೆ ಕಕ್ಕಯ್ಯನೆಂದು ಬರೆದದ್ದು ಚನ್ನಬಸವಣ್ಣನಿಗೆ ಮಾಡಿದ ಅಪಮಾನವೆಂದು ನಾವು ಯಾವ ವಿವರಣೆಯೂ ಇಲ್ಲದೆ ಹೇಳಿ ಮುಂದಕ್ಕೆ ಹೋದರೆ, ಹಿಂದಿನ ಬೆಂಚಿನ ಮೇಲಿನ ಆ ಹುಡುಗನು ಏನನ್ನು ಕಲಿತುಕೊಂಡು ಮನೆಗೆ ಹೋಗುತ್ತಾನೆ? ವಿರೋಧಿಸಿದವರ ಮನಸ್ಸಿನಲ್ಲಿದ್ದದ್ದು ಕುಲದ ಪ್ರಶ್ನೆಯಲ್ಲ, ಶೀಲದ ಪ್ರಶ್ನೆ ಎನ್ನಬಹುದು. ಇರಬಹುದು. ಆದರೆ ಮಾತನ್ನು ಬಿಚ್ಚಿ ಚರ್ಚಿಸಿದ್ದರೆ ತಾನೆ ಈ ಎರಡನ್ನು ಬೇರ್ಪಡಿಸಲು ಆಗುತ್ತಿತ್ತು? ಬಾಯಿ ಮುಚ್ಚಿಸಿದ ಮೇಲೆ ಎರಡೂ ಕಲಸಿಹೋಗುತ್ತವೆ. ಕಕ್ಕಯ್ಯನ ವಿಷಯದಲ್ಲಿ ಕಲಬುರ್ಗಿಯವರ ಊಹೆ ಸರಿಯೆಂದು ನಾವು ಹೇಳುತ್ತಿಲ್ಲ. ಆ ಊಹೆಯನ್ನು ಆಧಾರದಿಂದ ತೂಗುವ ಮೊದಲೇ ತಕ್ಕಡಿಯನ್ನು ಕಸಿದುಕೊಂಡರೆನ್ನುತ್ತೇವೆ.

ಇದೆಲ್ಲ ನಡೆದದ್ದು ಶರಣರ ಹೆಸರಿನಲ್ಲಿ ಎಂಬುದು ವಿಚಿತ್ರ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗೆ ಕಟ್ಟಿದ ‘ಶೂನ್ಯಸಂಪಾದನೆ’ಯನ್ನು ತೆರೆದು ನೋಡಿರಿ. ಅದು ಮೊದಲಿನಿಂದ ಕೊನೆಯವರೆಗೆ ವಾದ. ಮುಕ್ತಾಯಕ್ಕನು ಅಲ್ಲಮನನ್ನು ಕೇಳುತ್ತಾಳೆ. ಅಲ್ಲಮನು ಅಕ್ಕಮಹಾದೇವಿಯನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ, ಇಂದಿನ ಯಾವ ಸಭ್ಯನೂ ಕೇಳಲು ಅಳುಕುವ ಪ್ರಶ್ನೆಗಳನ್ನು ಕೇಳುತ್ತಾನೆ. ಅದರಲ್ಲಿ ನಮ್ಮ ಊರಿನ ಪ್ರಸಂಗವೂ ಒಂದಿದೆ. ನಮ್ಮ ಸೊನ್ನಲಿಗೆಯಲ್ಲಿ ಕೆರೆ ಅಗೆಯುವ ಕೆಲಸ ನಡೆದಿದೆ. ಅಲ್ಲಮನು ಬಂದು ಸಿದ್ಧರಾಮನನ್ನು ಒಡ್ಡನೆಂದು ಕರೆದು ಹೀಯಾಳಿಸುತ್ತಾನೆ. ಕೆಲಸಗಾರರಿಗೆ ಸಿಟ್ಟು ಬರುತ್ತದೆ, ಕಲ್ಲುಗಳನ್ನು ತೂರುತ್ತಾರೆ. ಸಿದ್ಧರಾಮನೂ ಕೋಪದಿಂದಲೇ ಬರುತ್ತಾನೆ. ಆದರೆ ಕಥೆ ಕಲ್ಲಿನ ಹತ್ತಿರ ನಿಲ್ಲುವುದಿಲ್ಲ. ಇಬ್ಬರೂ ಮಾತಿಗೆ ತೊಡಗುತ್ತಾರೆ. ಕೆರೆ, ಗುಡಿ, ಲೋಕಹಿತದ ಕೆಲಸ ಇವುಗಳ ಬೆಲೆ ಏನು ಎಂಬ ವಾದವು ಉದ್ದಕ್ಕೂ ನಡೆಯುತ್ತದೆ. ಸಿದ್ಧರಾಮನು ಕೊನೆಗೆ ಅವನೊಡನೆ ಕಲ್ಯಾಣಕ್ಕೆ ನಡೆಯುತ್ತಾನೆ, ಅಲ್ಲಿ ಚನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ನಂದಿಧ್ವಜಗಳ ಹಿಂದೆ ನಡೆಯುವ ನಾವು, ಆ ದಿನ ಕಲ್ಲು ತೂರಿದವರ ಊರಿನವರೂ ಹೌದು, ಕಲ್ಲು ತೂರಿದ ಮೇಲೆ ಕುಳಿತು ವಾದಿಸಿದವನ ಊರಿನವರೂ ಹೌದು.

ಗೆಲಿಲಿಯೊನ ಕಥೆಯನ್ನು ಎಲ್ಲ ಉಪಾಧ್ಯಾಯರೂ ಮಕ್ಕಳಿಗೆ ಹೇಳಿರುತ್ತಾರೆ. 1633ರಲ್ಲಿ ರೋಮಿನ ಧರ್ಮನ್ಯಾಯಾಲಯದ ಮುಂದೆ ಮೊಣಕಾಲೂರಿ, ಭೂಮಿ ಚಲಿಸುತ್ತದೆಂಬ ತನ್ನ ಮಾತನ್ನು ಅವನು ಹಿಂದಕ್ಕೆ ಪಡೆದನು. ಮುಂದಿನ ದಿನಗಳನ್ನೆಲ್ಲ ಗೃಹಬಂಧನದಲ್ಲಿ ಕಳೆದನು. ಸತ್ಯವು ಸಾಯುವುದಿಲ್ಲವೆಂದು ಈ ಕಥೆಗೆ ನಾವು ಒಂದು ನೀತಿಯನ್ನು ಅಂಟಿಸಿಬಿಡುತ್ತೇವೆ. ಆದರೆ ಅದು ಏಕೆ ಸಾಯಲಿಲ್ಲ? ದೂರದರ್ಶಕವಿದ್ದ ಯಾವನೇ ಆಗಲಿ, ಯಾವ ದೇಶದಲ್ಲಿಯೇ ಆಗಲಿ, ಆಕಾಶವನ್ನು ತಾನೇ ನೋಡಬಹುದಿತ್ತು. ಅಷ್ಟೇ ಅಲ್ಲ, ಗೆಲಿಲಿಯೊನ ಕಡೆಯ ಗ್ರಂಥವನ್ನು 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚು ಹಾಕಲು ಮುದ್ರಕರು ಸಿಕ್ಕರು. ಕನ್ನಡಕ್ಕೆ ಲೈಡನ್ ಎಲ್ಲಿದೆ? ನೀಲಾಂಬಿಕೆಯ ವಚನದ ಪಾಠವನ್ನು ನಿಷ್ಕರ್ಷಿಸಲು ತಾಳೆಗರಿ ಬೇಕು, ಹಳಗನ್ನಡ ನಡುಗನ್ನಡ ಬೇಕು, ಶಾಸನದ ಲಿಪಿ ಬೇಕು, ಮಠಗಳ ಪರಂಪರೆಯ ಪರಿಚಯ ಬೇಕು. ಈ ನಾಲ್ಕೂ ಒಬ್ಬನಲ್ಲಿ ಕೂಡಿರುವವರು ಯಾವ ಕಾಲದಲ್ಲಿಯೂ ಕೈಬೆರಳಲ್ಲಿ ಎಣಿಸುವಷ್ಟು. ಅಂಥ ಒಬ್ಬರು ಸುಮ್ಮನಾದರೆ ಅವರ ಜಾಗದಲ್ಲಿ ನಿಂತು ನೋಡಲು ಪ್ಯಾರಿಸ್ಸಿನಲ್ಲಿಯೋ ಲಂಡನ್ನಿನಲ್ಲಿಯೋ ಬೇರೆ ಜನ ಸಿದ್ಧರಾಗಿಲ್ಲ. ಸಣ್ಣ ಭಾಷೆಯ ವಿದ್ವಾಂಸನನ್ನು ಹೆದರಿಸುವುದು ದೊಡ್ಡ ಭಾಷೆಯ ವಿದ್ವಾಂಸನನ್ನು ಹೆದರಿಸುವುದಕ್ಕಿಂತ ಹೆಚ್ಚಿನ ಹಾನಿ. ಗಡಿಯಾಚೆ ಉಳಿದು ಬಾಲಭಾರತಿಯ ಕನ್ನಡ ಪುಸ್ತಕವೊಂದರ ಮೇಲೆಯೇ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿದೆ. 2015ರ ಆಗಸ್ಟ್ 30ರಂದು, ಭಾನುವಾರ ಬೆಳಿಗ್ಗೆ, ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಕಲಬುರ್ಗಿಯವರು ಗುಂಡಿಗೆ ಬಲಿಯಾದರು. ಅವರಿಗೆ ಆಗ 76 ವರ್ಷ. ಬಂದವರು ಶಿಷ್ಯರ ಸೋಗಿನಲ್ಲಿ ಬಂದಿದ್ದರೆಂದು ಆ ದಿನಗಳ ಪತ್ರಿಕೆಗಳು ಬರೆದವು. ಶಾಲೆಯ ಬಾಗಿಲಲ್ಲಿ ಬದುಕು ಕಳೆದ ನಮ್ಮಂಥವರಿಗೆ ಈ ಒಂದು ಮಾತನ್ನು ಓದಿ ಮುಂದಕ್ಕೆ ಹೋಗಲು ಇಂದಿಗೂ ಆಗುವುದಿಲ್ಲ. ‘ಸರ್’ ಎಂಬ ಕೂಗಿಗೆ ಬಾಗಿಲು ತೆರೆಯದ ಮಾಸ್ತರನುಂಟೆ?

ಕೊಲೆ ಒಂದು ತುದಿ. ಅಷ್ಟು ದೂರ ಹೋಗದೆ, ಕಾನೂನಿನ ಕೈಯಿಂದಲೇ ಮಾತನ್ನು ನಿಲ್ಲಿಸುವ ಇನ್ನೊಂದು ದಾರಿಯಿದೆ. ಸೊಲ್ಲಾಪುರಕ್ಕೆ ಅದು ಹೊಸತಲ್ಲ. 1930ರ ಮೇ ತಿಂಗಳಲ್ಲಿ ಈ ಊರಿನ ಮೇಲೆ ಮಾರ್ಶಲ್ ಲಾ ಹೇರಿದ್ದನ್ನೂ, 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದ್ದನ್ನೂ ಚೌಕದಲ್ಲಿ ನಿಂತ ಪ್ರತಿಮೆಗಳು ನಮಗೆ ನಿತ್ಯ ನೆನಪಿಸುತ್ತವೆ. ನಾಲ್ವರಲ್ಲಿ ಕುರ್ಬಾನ್ ಹುಸೇನರು ಪತ್ರಿಕೆಯ ಸಂಪಾದಕರಾಗಿದ್ದರು. ಅದೇ ಯರವಡಾ ಜೈಲಿಗೆ 2018ರಲ್ಲಿ ನಾಗಪುರ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದ ಶೋಮಾ ಸೇನರನ್ನು ಭೀಮಾ ಕೋರೆಗಾಂವ ಪ್ರಕರಣದಲ್ಲಿ ಕಳುಹಿಸಲಾಯಿತು. ಸರ್ವೋಚ್ಚ ನ್ಯಾಯಾಲಯದಿಂದ ಅವರಿಗೆ ಜಾಮೀನು ದೊರೆತದ್ದು 2024ರ ಏಪ್ರಿಲ್ 5ರಂದು. ಅದೇ ಪ್ರಕರಣದಲ್ಲಿ ಪ್ರಾಧ್ಯಾಪಕ ಆನಂದ ತೇಲ್ತುಂಬಡೆಯವರು 2020ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನವೇ, ಶರಣಾಗಿ ಜೈಲು ಸೇರಿದರು. 2022ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಜಾಮೀನಿನ ಮೇಲೆ ಹೊರಬಂದರು. ಜಾಮೀನು ಬೇರೆ, ಖುಲಾಸೆ ಬೇರೆ. ಈ ಇಬ್ಬರ ವಿಷಯದಲ್ಲಿ ನಾವು ತೀರ್ಪು ಹೇಳುವವರಲ್ಲ. ತೀರ್ಪಿನ ಮೊದಲೇ ಕಳೆದುಹೋದ ವರ್ಷಗಳನ್ನು ಮಾತ್ರ ಎಣಿಸುತ್ತೇವೆ.

ಜಿ. ಎನ್. ಸಾಯಿಬಾಬಾ ಅವರ ವಿಷಯದಲ್ಲಾದರೆ ನ್ಯಾಯಾಲಯವೇ ಮಾತು ಹೇಳಿ ಮುಗಿಸಿದೆ. ದಿಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ, ಗಾಲಿಕುರ್ಚಿಯಿಲ್ಲದೆ ಚಲಿಸಲಾಗದ ಈ ಅಧ್ಯಾಪಕರನ್ನು ಮಹಾರಾಷ್ಟ್ರದ ಪೋಲೀಸರು 2014ರ ಮೇ ತಿಂಗಳಲ್ಲಿ ಹಿಡಿದರು. 2017ರಲ್ಲಿ ಗಡಚಿರೋಲಿಯ ನ್ಯಾಯಾಲಯ ಆಜೀವ ಶಿಕ್ಷೆ ವಿಧಿಸಿತು. 2021ರಲ್ಲಿ ಕಾಲೇಜು ಅವರನ್ನು ಕೆಲಸದಿಂದ ತೆಗೆಯಿತು. 2022ರ ಅಕ್ಟೋಬರ್ 14ರಂದು ಉಚ್ಚ ನ್ಯಾಯಾಲಯದ ನಾಗಪುರ ಪೀಠ ಬಿಡುಗಡೆ ಹೇಳಿತು. ಮರುದಿನವೇ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಿತು. 2024ರ ಮಾರ್ಚ್ 5ರಂದು ಅದೇ ನಾಗಪುರ ಪೀಠ ಎರಡನೆಯ ಸಲ ಅವರನ್ನು ನಿರ್ದೋಷಿಯೆಂದಿತು. ಹೊರಬಂದ ಏಳು ತಿಂಗಳಲ್ಲಿ, ಅಕ್ಟೋಬರ್ 12ರಂದು, ಹೈದರಾಬಾದಿನಲ್ಲಿ ತೀರಿಕೊಂಡರು. ನಡುವೆ ಕೆಲಕಾಲ ಜಾಮೀನಿನ ಮೇಲೆ ಇದ್ದುದನ್ನು ಬಿಟ್ಟರೆ ಹತ್ತು ವರ್ಷ. ಹತ್ತು ವರ್ಷದಲ್ಲಿ ಅಧ್ಯಾಪಕನೊಬ್ಬನ ಕೈಯಿಂದ ಎಷ್ಟು ತಂಡಗಳ ವಿದ್ಯಾರ್ಥಿಗಳು ಹೊರಬರುತ್ತಾರೆಂಬ ಲೆಕ್ಕ ನಮ್ಮ ವಾಚಕರಿಗೆ ಬಾಯಿಪಾಠವಿದೆ. ಯಾವ ತೀರ್ಪಿನಲ್ಲಿಯೂ ಆ ತಂಡಗಳನ್ನು ಮರಳಿ ಕೊಡುವ ಕಲಮು ಇಲ್ಲ. ಅವರ ರಾಜಕೀಯ ವಿಚಾರಗಳು ನಮಗೆ ಒಪ್ಪಿಗೆಯಿವೆಯೆ ಎಂದು ಕೇಳುವವರಿಗೆ ಕಲಬುರ್ಗಿಯವರ ನೀಲಾಂಬಿಕೆಯ ಬಗ್ಗೆ ಮೇಲೆ ಬರೆದದ್ದನ್ನೇ ತೋರಿಸುತ್ತೇವೆ: ಒಪ್ಪದಿರುವುದಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕು.

ಈ ಸಲದ ಗಡ್ಡಾ ಯಾತ್ರೆ ಮುಗಿದ ಮೇಲೆ ನಾವು ಆ ಶಾಲೆಗೆ ಮತ್ತೊಮ್ಮೆ ಹೋದೆವು. ಮುಖ್ಯಾಧ್ಯಾಪಕರು ಈ ಬಾರಿ ಎರಡು ತಾಸು ಕೊಟ್ಟರು. ಅವರ ಸಂಕೋಚ ನಮ್ಮದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ. ಫಳಿಯ ಮೇಲೆ ನೀಲಾಂಬಿಕೆಯ ಎರಡು ವಚನಗಳನ್ನು ಬರೆದು, ಕಲಬುರ್ಗಿಯವರು ಅವನ್ನು ಹೇಗೆ ಓದಿದರೆಂದೂ, ನಾವು ಏಕೆ ಹಾಗೆ ಓದುವುದಿಲ್ಲವೆಂದೂ ಹೇಳಿ, ಮಕ್ಕಳನ್ನು ಎರಡು ಸಾಲು ಮಾಡಿ ಕೂರಿಸಿದೆವು. ಒಬ್ಬ ಹುಡುಗ, “ಇದು ಒಗಟ ಐತ್ರಿ, ಖರೇ ಸಂಸಾರದ ಮಾತಲ್ಲ” ಎಂದ. ಶ್ರಾವಣದಲ್ಲಿ ಪ್ರಶ್ನೆ ಕೇಳಿದ ಹುಡುಗಿ ಒಪ್ಪಲಿಲ್ಲ. ಒಗಟು ಹೇಳುವವಳು ಇಷ್ಟು ದುಃಖದಿಂದ ಏಕೆ ಹೇಳಬೇಕು ಎಂಬುದು ಅವಳ ವಾದ. ಆ ಮಾತು ನಮಗೆ ಹೊಳೆದಿರಲಿಲ್ಲ. ನಮ್ಮ ಆಕ್ಷೇಪಕ್ಕೆ ಅದು ಪೂರ್ಣ ಉತ್ತರವಲ್ಲ. ಆದರೆ ಉತ್ತರದ ಒಂದು ತುದಿ ಅಲ್ಲಿದೆಯೆಂದು ಒಪ್ಪಿಕೊಂಡೆವು.

ಗಂಟೆ ಹೊಡೆದ ಮೇಲೆ ಅವಳು ಹತ್ತಿರ ಬಂದು, “ಆ ಪುಸ್ತಕ ನಿಮ್ಮ ಸಂಘದಾಗ ಐತೇನ್ರಿ?” ಎಂದು ಕೇಳಿದಳು. ನಮ್ಮ ಸಂಘದ ಕಪಾಟಿನಲ್ಲಿ ‘ಮಾರ್ಗ’ದ ನಾಲ್ಕನೆಯ ಸಂಪುಟವಿದೆ. ಮೊದಲನೆಯದು ಇಲ್ಲ. ನಾವು ಅದನ್ನು ಓದಿದ್ದು ಸ್ನೇಹಿತರೊಬ್ಬರ ಪ್ರತಿಯಲ್ಲಿ. ಯಾರಲ್ಲಿಯಾದರೂ ಇದ್ದರೆ ಒಂದು ತಿಂಗಳ ಮಟ್ಟಿಗೆ ಕೊಡಬೇಕೆಂದು ವಾಚಕರಲ್ಲಿ ಕೇಳಿಕೊಳ್ಳುತ್ತೇವೆ.